ತೂಕ ಇಳಿದ ಮೇಲೆ ಉಳಿಯುವ ಭಯ

ಶಸ್ತ್ರಚಿಕಿತ್ಸೆಗೆ ಮುಂಚೆ ಹುಟ್ಟುವ ಭಯ ಎಲ್ಲರಿಗೂ ಅರ್ಥವಾಗುತ್ತದೆ. ಮನೆಯವರು ಧೈರ್ಯ ಹೇಳುತ್ತಾರೆ, ವೈದ್ಯರು ಸಮಾಧಾನ ಹೇಳುತ್ತಾರೆ, ನೆಂಟರಿಷ್ಟರು ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಆದರೆ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿದು, ಗಾಯ ಮಾಯ್ದು, ಇನ್ನೇನು ಎಲ್ಲವೂ ನೆಟ್ಟಗಾಯಿತೆಂದು ಲೋಕವೆಲ್ಲ ತಿಳಿದಿರುವಾಗ ಹುಟ್ಟುವ ಭಯವೊಂದುಂಟು. ಅದನ್ನು ವಿಚಾರಿಸುವವರು ಕಡಮೆ. ಹೇಳಿಕೊಳ್ಳುವವರು ಇನ್ನೂ ಕಡಮೆ. ಅತಿಯಾದ ಬೊಜ್ಜನ್ನು ಇಳಿಸುವುದಕ್ಕಾಗಿ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಕಾಡುವ ಭಯ ಇಂಥದು. 'ಇಳಿದ ತೂಕ ಮತ್ತೆ ಏರಿಬಿಟ್ಟರೆ ಏನು ಗತಿ?' ಎಂಬ ಪ್ರಶ್ನೆ ಅವರನ್ನು ಊಟದ ಎಲೆಯ ಮುಂದೆಯೂ ಕಾಡುತ್ತದೆ, ಕನ್ನಡಿಯ ಮುಂದೆಯೂ ಕಾಡುತ್ತದೆ.

ನೀವು ಇಂಥ ಚಿಕಿತ್ಸೆ ಮಾಡಿಸಿಕೊಂಡವರಾಗಿರಬಹುದು. ಅಥವಾ ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಅಂಥವರಿರಬಹುದು. ಈ ಭಯ ಎಲ್ಲಿಂದ ಬರುತ್ತದೆ, ಅದರಲ್ಲಿ ನಿಜವೆಷ್ಟು, ಅದನ್ನು ಗೆಲ್ಲುವ ಬಗೆ ಯಾವುದು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲಿಗೆ ಒಂದು ಮಾತು. ಈ ಭಯಕ್ಕೆ ಕಾರಣವಿದೆ. ಶಸ್ತ್ರಚಿಕಿತ್ಸೆಯವರೆಗೆ ಬಂದವರು ಅದಕ್ಕೆ ಮುಂಚೆ ಎಷ್ಟೋ ಪಥ್ಯಗಳನ್ನು ಮಾಡಿ ನೋಡಿರುತ್ತಾರೆ. ಒಮ್ಮೆ ಅನ್ನ ಬಿಟ್ಟಿರುತ್ತಾರೆ, ಒಮ್ಮೆ ರಾತ್ರಿಯ ಊಟ ಬಿಟ್ಟಿರುತ್ತಾರೆ, ಒಮ್ಮೆ ಯಾರೋ ಹೇಳಿದರೆಂದು ಬರಿಯ ಹಣ್ಣಿನ ಮೇಲೆ ಇದ್ದಿರುತ್ತಾರೆ. ಪ್ರತಿ ಸಲವೂ ಹತ್ತು ಕಿಲೋ ಇಳಿದಿರುತ್ತದೆ, ಪ್ರತಿ ಸಲವೂ ಹನ್ನೆರಡು ಕಿಲೋ ಏರಿರುತ್ತದೆ. ಹೀಗೆ ಹಲವು ಸಲ ಸೋತವನಿಗೆ ಗೆಲುವು ಕೈಗೆ ಬಂದರೂ ಅದು ತನ್ನದೆಂದು ನಂಬಿಕೆ ಹುಟ್ಟುವುದಿಲ್ಲ. ಆದ್ದರಿಂದ ಈ ಭಯಪಡುವವರನ್ನು ಅಂಜುಬುರುಕರೆಂದು ಹಳಿಯಬಾರದು. ಅನುಭವ ಅವರಿಗೆ ಕಲಿಸಿದ ಪಾಠ ಅದು.

ಆದರೆ ಹಳೆಯ ಪಥ್ಯಕ್ಕೂ ಈ ಚಿಕಿತ್ಸೆಗೂ ವ್ಯತ್ಯಾಸವಿದೆ. ಹಿಂದಿನ ಕಾಲದಲ್ಲಿ ಹೊಟ್ಟೆಯ ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ತೂಕ ಕಳೆದುಕೊಳ್ಳುತ್ತಿದ್ದರು. ಇದನ್ನು ಗಮನಿಸಿದ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ೧೯೬೬ರಲ್ಲಿ ಬೊಜ್ಜಿನ ಚಿಕಿತ್ಸೆಗಾಗಿಯೇ ಜಠರದ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಇಂದಿನ ಬೈಪಾಸಿನಲ್ಲಿ ಜಠರದ ಮೇಲುಭಾಗದಲ್ಲಿ ಒಂದು ಸಣ್ಣ ಚೀಲವನ್ನು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಪಾಲನ್ನು ಇಲ್ಲವೆ ಅದಕ್ಕಿಂತ ತುಸು ಹೆಚ್ಚನ್ನು ತೆಗೆದುಹಾಕಿ, ಉಳಿದದ್ದನ್ನು ಕೊಳವೆಯಂತೆ ಮಾಡುತ್ತಾರೆ.

ಇದರಿಂದ ಹೊಟ್ಟೆ ಚಿಕ್ಕದಾಗುತ್ತದೆ ಎಂಬುದು ಎಲ್ಲರಿಗೂ ತಿಳಿದ ಮಾತು. ತಿಳಿಯದ ಮಾತೊಂದಿದೆ. ೧೯೯೯ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ಜಠರದಲ್ಲಿ ಹುಟ್ಟುವ ಗ್ರೆಲಿನ್ ಎಂಬ ರಸವನ್ನು ಕಂಡುಹಿಡಿದರು. ಇದು ರಕ್ತದ ಮೂಲಕ ಮಿದುಳಿಗೆ ಹೋಗಿ 'ಹಸಿವಾಗಿದೆ' ಎಂದು ಹೇಳುವ ದೂತ. ಅದು ಹೆಚ್ಚಾಗಿ ಹುಟ್ಟುವ ಮೇಲುಭಾಗವನ್ನೇ ಸ್ಲೀವ್ ಚಿಕಿತ್ಸೆಯಲ್ಲಿ ತೆಗೆಯುತ್ತಾರೆ. ಬೈಪಾಸ್ ಆದವರಲ್ಲಿ ಊಟವಾದೊಡನೆ 'ಸಾಕು' ಎಂದು ಹೇಳುವ ಕರುಳಿನ ರಸಗಳು ಹೆಚ್ಚು ಹುಟ್ಟುತ್ತವೆ. ಎಂದರೆ ಈ ಚಿಕಿತ್ಸೆ ಹೊಟ್ಟೆಯ ಅಳತೆಯನ್ನು ಮಾತ್ರವಲ್ಲದೆ ಹಸಿವಿನ ಭಾಷೆಯನ್ನೂ ಬದಲಾಯಿಸುತ್ತದೆ. ಬರಿಯ ಪಥ್ಯದಲ್ಲಿ ಹೀಗಾಗುವುದಿಲ್ಲ. ಪಥ್ಯದಿಂದ ತೂಕ ಇಳಿಸಿದವರನ್ನು ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಒಂದು ವರ್ಷದ ಅನಂತರ ಪರೀಕ್ಷಿಸಿದಾಗ, ಹಸಿವನ್ನು ಹೆಚ್ಚಿಸುವ ರಸಗಳು ಆಗಲೂ ಏರಿಯೇ ಇದ್ದುವೆಂದು ೨೦೧೧ರಲ್ಲಿ ಪ್ರಕಟವಾಯಿತು. ಹಳೆಯ ಸೋಲುಗಳಲ್ಲಿ ನಿಮ್ಮ ಮನಸ್ಸಿನ ದೌರ್ಬಲ್ಯಕ್ಕಿಂತ ಶರೀರದ ಹಟದ ಪಾಲು ದೊಡ್ಡದಾಗಿತ್ತು ಎಂಬುದನ್ನು ಇದರಿಂದ ತಿಳಿಯಬಹುದು.

ಹಾಗಾದರೆ ಶಸ್ತ್ರಚಿಕಿತ್ಸೆಯಾದವರಿಗೆ ತೂಕ ಮತ್ತೆ ಬರುವುದೇ ಇಲ್ಲವೆ? ಬರುತ್ತದೆ, ಬಹುಮಂದಿಗೆ ಸ್ವಲ್ಪ ಬಂದೇ ಬರುತ್ತದೆ. ಇದನ್ನು ಮುಚ್ಚಿಡುವುದರಿಂದ ಉಪಯೋಗವಿಲ್ಲ. ಭಯವನ್ನು ಗೆಲ್ಲುವ ಮೊದಲ ಮೆಟ್ಟಿಲು ಲೆಕ್ಕವನ್ನು ಸರಿಯಾಗಿ ತಿಳಿಯುವುದು.

ಸ್ವೀಡನ್ ದೇಶದಲ್ಲಿ ೧೯೮೭ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನವಿದೆ. ಅತಿಯಾದ ಬೊಜ್ಜಿನ ೪,೦೪೭ ಮಂದಿಯನ್ನು ಅದರಲ್ಲಿ ವರ್ಷಾನುಗಟ್ಟಲೆ ಗಮನಿಸುತ್ತ ಬಂದರು; ೨,೦೧೦ ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಉಳಿದವರು ಮಾಡಿಸಿಕೊಳ್ಳದವರು. ೨೦೦೭ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಬೈಪಾಸ್ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ತಮ್ಮ ತೂಕದ ನೂರಕ್ಕೆ ೩೨ ಪಾಲನ್ನು ಇಳಿಸಿದ್ದರು. ಹತ್ತು ವರ್ಷಗಳಾದ ಮೇಲೆ ಆ ಇಳಿಕೆ ನೂರಕ್ಕೆ ೨೫ ಪಾಲಿನಷ್ಟು ಉಳಿದಿತ್ತು. ಹದಿನೈದು ವರ್ಷಗಳಾದ ಮೇಲೆ ೨೭ ಪಾಲಿನಷ್ಟಿತ್ತು. ಶಸ್ತ್ರಚಿಕಿತ್ಸೆಯಿಲ್ಲದ ಗುಂಪಿನ ಸರಾಸರಿ ತೂಕ ಅಷ್ಟೂ ವರ್ಷಗಳಲ್ಲಿ ನೂರಕ್ಕೆ ಎರಡು ಪಾಲಿನೊಳಗೇ ಅತ್ತಿತ್ತ ಆಡುತ್ತಿತ್ತು. ಸ್ಲೀವ್ ಆಗಿನ್ನೂ ಬಳಕೆಗೆ ಬಂದಿರಲಿಲ್ಲವಾದ್ದರಿಂದ ಅದರ ಲೆಕ್ಕ ಇದರಲ್ಲಿಲ್ಲ. ಆದರೂ ಮೊದಲು ವೇಗವಾಗಿ ಇಳಿದು, ನಿಂತು, ಆಮೇಲೆ ತುಸು ಏರಿ ನೆಲೆಗೊಳ್ಳುವ ಕ್ರಮ ಅದರಲ್ಲಿಯೂ ಕಂಡುಬರುವುದೇ.

ಈ ಲೆಕ್ಕವನ್ನು ಒಬ್ಬ ವ್ಯಕ್ತಿಗೆ ಹಚ್ಚಿ ನೋಡಿ. ೧೨೦ ಕಿಲೋ ತೂಕದ ಗೃಹಿಣಿಯೊಬ್ಬರು ಬೈಪಾಸ್ ಆಗಿ ಎರಡನೆಯ ವರ್ಷಕ್ಕೆ ಸುಮಾರು ೮೨ ಕಿಲೋಗೆ ಬಂದರು ಎನ್ನೋಣ. ಹತ್ತನೆಯ ವರ್ಷದಲ್ಲಿ ಅವರ ತೂಕ ೯೦ ಕಿಲೋ. ಆ ತಾಯಿ ತಕ್ಕಡಿಯ ಮೇಲೆ ನಿಂತು 'ಅಯ್ಯೋ, ಎಂಟು ಕಿಲೋ ಬಂತಲ್ಲ, ಎಲ್ಲ ನೀರಿನಲ್ಲಿ ಹೋಮವಾಯಿತು' ಎಂದು ಮರುಗುತ್ತಾರೆ. ಮೂವತ್ತು ಕಿಲೋ ಹತ್ತು ವರ್ಷದಿಂದ ಹೊರಗೇ ನಿಂತಿದೆ ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ಅದೇ ಅಧ್ಯಯನದಲ್ಲಿ, ಸರಾಸರಿ ಹನ್ನೊಂದು ವರ್ಷಗಳ ಅವಧಿಯಲ್ಲಿ, ವಯಸ್ಸು ರೋಗ ಮೊದಲಾದ ಭೇದಗಳನ್ನು ಲೆಕ್ಕಕ್ಕೆ ಹಿಡಿದು ನೋಡಿದಾಗ ಶಸ್ತ್ರಚಿಕಿತ್ಸೆಯಾದವರಲ್ಲಿ ಮರಣದ ಪ್ರಮಾಣ ನೂರಕ್ಕೆ ೨೯ರಷ್ಟು ಕಡಮೆಯಾಗಿತ್ತು. ತುಸು ತೂಕ ಮರಳಿ ಬಂದವರೂ ಆ ಲೆಕ್ಕದೊಳಗೇ ಇದ್ದಾರೆಂಬುದನ್ನು ಮರೆಯಬಾರದು.

ಇನ್ನು ಭಯ ಮಾಡುವ ಕೇಡಿನ ವಿಚಾರ. ಭಯ ಮನುಷ್ಯನನ್ನು ಎಚ್ಚರವಾಗಿ ಇಡುತ್ತದೆ, ಆದ್ದರಿಂದ ಅದು ಇರಲಿ ಎಂದು ಕೆಲವರು ಹೇಳುತ್ತಾರೆ. ಎಚ್ಚರ ಬೇರೆ, ಭಯ ಬೇರೆ. ಎಚ್ಚರವುಳ್ಳವನು ನೋಡುತ್ತಾನೆ, ಭಯಪಟ್ಟವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ತೂಕ ಏರಿರಬಹುದೆಂಬ ಭಯದಿಂದ ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿದವರುಂಟು. ವೈದ್ಯರು ಏನೆನ್ನುತ್ತಾರೋ ಎಂಬ ನಾಚಿಕೆಯಿಂದ ಆಸ್ಪತ್ರೆಯ ಕಡೆಗೆ ತಲೆ ಹಾಕದವರುಂಟು. ವೈದ್ಯರ ನೆರವು ಹೆಚ್ಚಾಗಿ ಬೇಕಾದ ಹೊತ್ತಿಗೇ ಅವರು ದೂರವಾಗುತ್ತಾರೆ. ತೂಕದ ಮಾತು ಹಾಗಿರಲಿ. ಈ ಚಿಕಿತ್ಸೆಯಾದವರು ಬಿ-೧೨, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ ಇವುಗಳನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಬಾಳಿನುದ್ದಕ್ಕೂ ತೆಗೆದುಕೊಳ್ಳಬೇಕು, ಕಾಲಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಾಚಿಕೆಯಿಂದ ಆಸ್ಪತ್ರೆ ಬಿಟ್ಟವರು ಇದನ್ನೂ ಬಿಡುತ್ತಾರೆ. ರಕ್ತಹೀನತೆ, ನರಗಳ ದೌರ್ಬಲ್ಯ, ಮೂಳೆಯ ಸವೆತ ಸದ್ದಿಲ್ಲದೆ ಬರುತ್ತವೆ.

ಭಯಕ್ಕೆ ಇನ್ನೊಂದು ಮುಖವಿದೆ. ಕೆಲವರು ಹೆದರಿ ಊಟವನ್ನೇ ಬಿಡುತ್ತಾರೆ. ಎರಡು ದಿನ ಉಪವಾಸವಿದ್ದು ಮೂರನೆಯ ದಿನ ಕಟ್ಟೆಯೊಡೆದಂತೆ ತಿನ್ನುತ್ತಾರೆ. ತಿಂದ ಮೇಲೆ 'ಮುಳುಗಿದವನಿಗೆ ಚಳಿಯೇನು, ಮಳೆಯೇನು' ಎಂದು ಇನ್ನಷ್ಟು ತಿನ್ನುತ್ತಾರೆ. ಕುಡಿತ ಬಿಟ್ಟವರಲ್ಲಿ ಇದೇ ಬಗೆಯ ಮನಸ್ಸನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಗುರುತಿಸಿದ್ದರು. ೧೯೮೫ರಲ್ಲಿ ಜುಡಿತ್ ಗಾರ್ಡನ್ ಅವರೊಡನೆ ಹೊರತಂದ ಗ್ರಂಥದಲ್ಲಿ ಅವರು ಎಡವುವುದಕ್ಕೂ ಉರುಳಿಬೀಳುವುದಕ್ಕೂ ಇರುವ ಅಂತರವನ್ನು ವಿವರಿಸಿದರು. ಒಮ್ಮೆ ತಪ್ಪಿದ್ದು ಎಡವಿದಂತೆ. 'ನಾನು ಕೈಲಾಗದವನು, ಎಲ್ಲ ಮುಗಿಯಿತು' ಎಂದುಕೊಂಡಾಗ ಅದು ಬೀಳುವಿಕೆಯಾಗುತ್ತದೆ. ಮದುವೆಮನೆಯಲ್ಲಿ ಎರಡು ಹೋಳಿಗೆ ತಿಂದದ್ದು ಒಂದು ಹೊತ್ತಿನ ಸಂಗತಿ. ಅದರ ದುಃಖದಲ್ಲಿ ಮುಂದಿನ ಎರಡು ತಿಂಗಳು ಲೆಕ್ಕ ಬಿಟ್ಟರೆ ಅದು ಬೇರೆಯೇ ಸಂಗತಿ.

ಹಾಗಾದರೆ ಆತ್ಮವಿಶ್ವಾಸವನ್ನು ತರುವುದು ಎಲ್ಲಿಂದ? 'ಧೈರ್ಯವಾಗಿರಿ' ಎಂದು ಹೇಳುವುದು ಸುಲಭ. ಹೇಳಿದ ಮಾತ್ರಕ್ಕೆ ಧೈರ್ಯ ಬರುವುದಿದ್ದರೆ ಲೋಕದಲ್ಲಿ ಅಂಜುವವರೇ ಇರುತ್ತಿರಲಿಲ್ಲ. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಬಹಳ ಕಾಲ ಪರಿಶೀಲಿಸಿದರು. ಹಾವಿನ ವಿಷಯದಲ್ಲಿ ವಿಪರೀತ ಭಯವುಳ್ಳವರ ಮೇಲೆ ಅವರು ನಡೆಸಿದ ಪ್ರಯೋಗ ೧೯೬೯ರಲ್ಲಿ ಪ್ರಕಟವಾಯಿತು. ವಿಷವಿಲ್ಲದ ಹಾವನ್ನು ಮೊದಲು ಸಹಾಯಕನೊಬ್ಬ ಕೈಯಲ್ಲಿ ಹಿಡಿಯುವನು, ಭಯಪಡುವವರು ನೋಡುವರು. ಆಮೇಲೆ ಒಂದು ಹೆಜ್ಜೆ ಹತ್ತಿರ ಬರುವರು. ಆಮೇಲೆ ಕೈಚೀಲ ತೊಟ್ಟು ಮುಟ್ಟುವರು, ಆಮೇಲೆ ಬರಿಗೈಯಲ್ಲಿ ಮುಟ್ಟುವರು, ಕೊನೆಗೆ ತಾವೇ ಹಿಡಿಯುವರು. ಬರಿಯ ಉಪದೇಶಕ್ಕೆ ಬಗ್ಗದ ಭಯ ಹೀಗೆ ಮೆಟ್ಟಿಲುಮೆಟ್ಟಿಲಾಗಿ ಮಾಡಿದ ಕೆಲಸಕ್ಕೆ ಬಗ್ಗಿತು. ೧೯೭೭ರಲ್ಲಿ ಬಂಡೂರ ಇದನ್ನೊಂದು ಸಿದ್ಧಾಂತವಾಗಿ ವಿವರಿಸಿದರು. 'ಇದು ನನ್ನ ಕೈಲಾಗುತ್ತದೆ' ಎಂಬ ನಂಬಿಕೆಗೆ ನಾಲ್ಕು ಒರತೆಗಳುಂಟು: ತಾನೇ ಮಾಡಿ ಗೆದ್ದದ್ದು, ತನ್ನಂಥವರು ಗೆದ್ದದ್ದನ್ನು ಕಂಡದ್ದು, ನಂಬತಕ್ಕವರು ಹೇಳಿದ ಮಾತು, ಮತ್ತು ತನ್ನ ಶರೀರದ ಸ್ಥಿತಿಯನ್ನು ತಾನು ಓದಿಕೊಳ್ಳುವ ಬಗೆ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕೂ ಬಲವಾದದ್ದು.

ಇವನ್ನು ನಮ್ಮ ವಿಷಯಕ್ಕೆ ಹೊಂದಿಸೋಣ. ಮೊದಲನೆಯದು, ಮಾಡಿ ಗೆಲ್ಲುವುದು. ಇಲ್ಲಿ ಒಂದು ಗುಟ್ಟಿದೆ. ತಕ್ಕಡಿಯ ಅಂಕಿ ನಿಮ್ಮ ಅಧೀನದಲ್ಲಿಲ್ಲ. ಇಂದಿನ ಕೆಲಸ ಅಧೀನದಲ್ಲಿದೆ. ಆದ್ದರಿಂದ ಗೆಲುವನ್ನು ಕೆಲಸದಲ್ಲಿ ಎಣಿಸಿ. ಎಲೆಗೆ ಕುಳಿತಾಗ ಮೊದಲು ಮೊಳಕೆಕಾಳು, ಬೇಳೆ, ಮೊಸರು, ಮೊಟ್ಟೆ, ಮೀನು ಇಂಥ ಸಸಾರಜನಕದ ಪದಾರ್ಥ ತಿಂದೆನೆ? ಅನ್ನ ಮುದ್ದೆಗಳನ್ನು ಆಮೇಲೆ ತಿಂದೆನೆ? ಊಟದ ನಡುವೆ ನೀರು ಕುಡಿಯದೆ, ಮುಗಿದು ಅರ್ಧ ಗಂಟೆಯಾದ ಮೇಲೆ ಕುಡಿದೆನೆ? ನಿಧಾನವಾಗಿ ಅಗಿದು ತಿಂದೆನೆ? ಅರ್ಧ ಗಂಟೆ ನಡೆದೆನೆ? ಮಾತ್ರೆ ತೆಗೆದುಕೊಂಡೆನೆ? ಒಂದು ಸಣ್ಣ ಪುಸ್ತಕದಲ್ಲಿ ದಿನದ ಕೊನೆಗೆ ಇವನ್ನು ಗುರುತುಹಾಕಿ. ಎಲ್ಲವನ್ನೂ ಒಂದೇ ದಿನ ಹಿಡಿಯಬೇಡಿ; ಒಂದು ಕೈಹತ್ತಿದ ಮೇಲೆ ಇನ್ನೊಂದು. ಮೂರು ತಿಂಗಳ ಪುಸ್ತಕವನ್ನು ತಿರುವಿ ನೋಡಿದಾಗ ಸಿಕ್ಕುವ ಧೈರ್ಯ ಯಾರ ಉಪದೇಶದಿಂದಲೂ ಸಿಕ್ಕುವಂಥದಲ್ಲ.

ಇದರ ಜೊತೆಗೆ ಒಂದು ಎಚ್ಚರ. ಚಿಕ್ಕ ಹೊಟ್ಟೆಯನ್ನು ಮೋಸಗೊಳಿಸುವ ಪದಾರ್ಥಗಳಿವೆ. ಪಾಯಸ, ಐಸ್‌ಕ್ರೀಮು, ಸಕ್ಕರೆ ಹಾಕಿದ ಹಣ್ಣಿನ ರಸ ಇವು ಸಲೀಸಾಗಿ ಜಾರಿಹೋಗುತ್ತವೆ, ಹೊಟ್ಟೆ ತುಂಬಿದಂತೆಯೇ ಆಗುವುದಿಲ್ಲ. ಕೈಯಾಡಿಸುತ್ತ ದಿನವೆಲ್ಲ ಮೇಯುವ ಚಕ್ಕುಲಿ ಕೋಡುಬಳೆಗಳೂ ಹಾಗೆಯೆ. ತೂಕ ಮರಳುವುದು ಬಹುಮಟ್ಟಿಗೆ ಊಟದ ಬಾಗಿಲಿನಿಂದಲ್ಲ, ಈ ಹಿತ್ತಿಲ ಬಾಗಿಲಿನಿಂದ.

ತಕ್ಕಡಿಯ ವಿಷಯದಲ್ಲಿಯೂ ಹಾವಿನ ಪ್ರಯೋಗದಂತೆಯೇ ನಡೆಯಿರಿ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿನಲ್ಲಿ ತೂಕ ನೋಡಿ ಬರೆದಿಡಿ. ಒಂದೆರಡು ಕಿಲೋ ಏರುಪೇರು ನೀರಿನಿಂದ, ಉಪ್ಪಿನಿಂದ, ಹೆಂಗಸರಿಗೆ ತಿಂಗಳ ದಿನಗಳಿಂದ ಆಗುವುದುಂಟು. ಹಗ್ಗವನ್ನು ಕಂಡು ಹಾವೆಂದು ಬೆದರಬೇಕಾಗಿಲ್ಲ. ಎಷ್ಟು ಏರಿದರೆ ತಮಗೆ ತಿಳಿಸಬೇಕೆಂಬುದನ್ನು ನಿಮ್ಮ ವೈದ್ಯರಿಂದಲೇ ಮುಂಚಿತವಾಗಿ ಗೊತ್ತುಮಾಡಿಕೊಳ್ಳಿ. ಗಡಿ ಗೊತ್ತಿದ್ದವನಿಗೆ ಗಡಿಯೊಳಗೆ ನೆಮ್ಮದಿಯಿರುತ್ತದೆ.

ಎರಡನೆಯದು, ತನ್ನಂಥವರನ್ನು ಕಾಣುವುದು. ಈ ಚಿಕಿತ್ಸೆ ನಡೆಯುವ ಎಷ್ಟೋ ಆಸ್ಪತ್ರೆಗಳಲ್ಲಿ ಚಿಕಿತ್ಸೆಯಾದವರ ಕೂಟಗಳು ಸೇರುತ್ತವೆ. ಆರು ತಿಂಗಳಲ್ಲಿ ಐವತ್ತು ಕಿಲೋ ಇಳಿಸಿದವರ ಕತೆಗಿಂತ, ಏಳೆಂಟು ವರ್ಷಗಳಾದವರು ಏರಿದ ಐದು ಕಿಲೋವನ್ನು ಹೇಗೆ ತಡೆದರು ಎಂಬ ಕತೆಯನ್ನು ಕೇಳಿ. ನಿಮಗೆ ಬೇಕಾದ ಪಾಠ ಅವರಲ್ಲಿದೆ.

ಮೂರನೆಯದು, ಮಾತು. ನಮ್ಮಲ್ಲಿ ಒಬ್ಬರ ಶರೀರದ ವಿಷಯವಾಗಿ ಮಾತನಾಡಲು ಯಾರಿಗೂ ಸಂಕೋಚವಿಲ್ಲ. 'ಇಷ್ಟೇನೇ ಊಟ?' ಎಂದು ಒಬ್ಬರು ಒತ್ತಾಯಿಸಿ ಬಡಿಸುತ್ತಾರೆ. 'ಮತ್ತೆ ದಪ್ಪವಾದ ಹಾಗಿದೆಯಲ್ಲ' ಎಂದು ಇನ್ನೊಬ್ಬರು ಚುಚ್ಚುತ್ತಾರೆ. 'ಆಪರೇಷನ್ ಮಾಡಿಸಿಕೊಂಡದ್ದು ಸುಲಭದ ದಾರಿ' ಎಂದು ಮತ್ತೊಬ್ಬರು ತೀರ್ಪು ಕೊಡುತ್ತಾರೆ. 'ವೈದ್ಯರು ಇಷ್ಟೇ ಹೇಳಿದ್ದಾರೆ, ರುಚಿಯಾಗಿತ್ತು, ಸಾಕು' ಎಂಬ ಒಂದು ವಾಕ್ಯವನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಿ. ಯಾರ ಮಾತಿಗೆ ಬೆಲೆ ಕೊಡಬೇಕು, ಯಾರ ಮಾತನ್ನು ಗಾಳಿಗೆ ಬಿಡಬೇಕು ಎಂಬುದನ್ನು ಆರಿಸಿಕೊಳ್ಳುವ ಹಕ್ಕು ನಿಮ್ಮದು. ಮನೆಯವರಿಗೂ ಇಲ್ಲಿ ಒಂದು ಮಾತು: ತಟ್ಟೆಯ ಕಾವಲು ಕಾಯಬೇಡಿ. ಜೊತೆಯಲ್ಲಿ ನಡೆಯಲು ಹೋಗಿ, ಪರೀಕ್ಷೆಯ ದಿನ ಆಸ್ಪತ್ರೆಗೆ ಜೊತೆಯಾಗಿ. ಅದು ಸಾವಿರ ಬುದ್ಧಿಮಾತಿಗಿಂತ ಮೇಲು.

ನಾಲ್ಕನೆಯದು, ಶರೀರವನ್ನು ಓದಿಕೊಳ್ಳುವುದು. ವರ್ಷ ಕಳೆದಂತೆ ಹಸಿವು ಸ್ವಲ್ಪಮಟ್ಟಿಗೆ ಮರಳುತ್ತದೆ, ಮೊದಲಿಗಿಂತ ತುಸು ಹೆಚ್ಚು ಊಟ ಹಿಡಿಸುತ್ತದೆ. 'ಚಿಕಿತ್ಸೆ ಕೆಟ್ಟುಹೋಯಿತು' ಎಂದು ಎಷ್ಟೋ ಮಂದಿ ಕಂಗೆಡುವುದು ಆಗಲೇ. ಅದು ನಿರೀಕ್ಷಿತವಾದ ಬದಲಾವಣೆ. ಹಾಗೆಯೇ ಬೇಸರ, ಸಿಟ್ಟು, ಒಂಟಿತನ ಇವೂ ಹಸಿವಿನ ವೇಷ ಹಾಕಿಕೊಂಡು ಬರುತ್ತವೆ. ನಿಜವಾದ ಹಸಿವು ಮೆಲ್ಲನೆ ಬರುತ್ತದೆ, ಉಪ್ಪಿಟ್ಟಾದರೂ ಸರಿಯೆನ್ನುತ್ತದೆ. ಮನಸ್ಸಿನ ಹಸಿವು ಥಟ್ಟನೆ ಬಂದು ಇಂಥದೇ ಬೇಕೆನ್ನುತ್ತದೆ. ಹತ್ತು ನಿಮಿಷ ತಡೆದು ನೋಡಿದರೆ ಯಾವುದು ಯಾವುದೆಂದು ತಿಳಿಯುತ್ತದೆ.

ಕನ್ನಡಿಯ ವಿಚಾರವನ್ನೂ ಹೇಳಬೇಕು. ಶರೀರ ಇಳಿದಷ್ಟು ಬೇಗ ಮನಸ್ಸು ಇಳಿಯುವುದಿಲ್ಲ. ನಲವತ್ತು ಕಿಲೋ ಕಳೆದವರೂ ಬಸ್ಸಿನ ಸೀಟನ್ನು ನೋಡಿ 'ನನಗೆ ಸಾಲದು' ಎಂದು ಹಿಂಜರಿಯುತ್ತಾರೆ. ಜೋತುಬಿದ್ದ ಚರ್ಮ, ಮೊದಲ ತಿಂಗಳುಗಳಲ್ಲಿ ಉದುರುವ ಕೂದಲು ಅವರನ್ನು ಇನ್ನಷ್ಟು ಕುಗ್ಗಿಸುತ್ತವೆ. ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ಮನಸ್ಸೂ ಹೊಸ ಶರೀರಕ್ಕೆ ಒಗ್ಗುತ್ತದೆ, ಆದರೆ ಅದಕ್ಕೆ ಕಾಲ ಬೇಕು. ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತಿದ್ದು, ನೆಲದ ಮೇಲೆ ಕುಳಿತು ತಾನೇ ಎದ್ದದ್ದು, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ವೈದ್ಯರು ಕಡಮೆ ಮಾಡಿದ್ದು, ಇವನ್ನೂ ಆ ಪುಸ್ತಕದಲ್ಲಿ ಬರೆಯಿರಿ. ತಕ್ಕಡಿಗೆ ತಿಳಿಯದ ಗೆಲುವುಗಳಿವು.

ಕಡೆಯದಾಗಿ, ಒಬ್ಬರೇ ಹೊರಲಾಗದ ಭಾರಗಳಿವೆ. ತೂಕ ಬಿಡದೆ ಏರುತ್ತಿದ್ದರೆ, ಪದೇಪದೇ ವಾಂತಿಯಾಗುತ್ತಿದ್ದರೆ, ಹಿಡಿತವಿಲ್ಲದೆ ತಿನ್ನುವಂತಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮರಳಿ ಬಂದ ತೂಕಕ್ಕೆ ಇಂದು ಪಥ್ಯತಜ್ಞರ ಸಲಹೆಯಿದೆ, ಲಿರಾಗ್ಲುಟೈಡ್, ಸೆಮಾಗ್ಲುಟೈಡ್ ಮುಂತಾದ ಔಷಧಿಗಳಿವೆ, ಕೆಲವರಿಗೆ ಎರಡನೆಯ ಶಸ್ತ್ರಚಿಕಿತ್ಸೆಯೂ ಉಂಟು. ಮದ್ಯದ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಬೈಪಾಸ್ ಆದವರಿಗೆ ಅದು ಬೇಗ ತಲೆಗೇರುತ್ತದೆ. ಚಿಕಿತ್ಸೆಯ ಎರಡನೆಯ ವರ್ಷದಲ್ಲಿ ಕುಡಿತದ ತೊಂದರೆ ಹೆಚ್ಚಿದ್ದನ್ನು ಅಮೆರಿಕದ ಹತ್ತು ಆಸ್ಪತ್ರೆಗಳ ಅಧ್ಯಯನ ೨೦೧೨ರಲ್ಲಿ ತೋರಿಸಿತು. ಮನಸ್ಸು ತೀರ ಕುಗ್ಗಿ ಬದುಕೇ ಬೇಡವೆನಿಸಿದರೆ ಅದನ್ನು ಬಚ್ಚಿಡಬಾರದು. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ದೂರವಾಣಿ ಮಾಡಬಹುದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲಿಯೇ ಮಾತನಾಡಬಹುದು.

ತೂಕ ಮತ್ತೆ ಏರದೆಂದು ಯಾರೂ ನಿಮಗೆ ಮುಚ್ಚಳಿಕೆ ಬರೆದುಕೊಡಲಾರರು. ಏರಿದರೆ ಏನು ಮಾಡಬೇಕೆಂದು ನಿಮಗೆ ಗೊತ್ತಿರುವಂತೆ ಮಾಡಿಕೊಳ್ಳಬಹುದು. ತಕ್ಕಡಿಯನ್ನು ಮಂಚದ ಕೆಳಗಿನಿಂದ ಹೊರಕ್ಕೆ ತೆಗೆಯಿರಿ, ಬಿಟ್ಟುಹೋದ ಪರೀಕ್ಷೆಗೆ ಈ ವಾರವೇ ದಿನ ಗೊತ್ತುಮಾಡಿಕೊಳ್ಳಿ. ವರ್ಷವೆರಡು ವರ್ಷ ತಪ್ಪಿಸಿಕೊಂಡಿದ್ದರೂ ಚಿಂತೆಯಿಲ್ಲ. ಹೀಗೆ ತಡವಾಗಿ ಬಂದವರನ್ನು ನೋಡುವುದು ವೈದ್ಯರಿಗೆ ಹೊಸದೇನೂ ಅಲ್ಲ.